ನಿರೋಧ್‌ಗೆ ವಯಸ್ಸಿನ ಮಿತಿ ಹಾಕಿದ್ದು ಯಾರು?

ಇವತ್ತು ಇಯರ್‌ಫೋನ್ ಹಾಕ್ಕೊಂಡೇ ಕೇಳಿ, ಮನೆಯವರು ಪಕ್ಕದಲ್ಲೇ ಇರ್ತಾರೆ!

ಅರವತ್ತು ದಾಟಿದ ನಮ್ಮ ಬಂಧುವೊಬ್ಬರು ಈಚೆಗೆ ಮರುಮದುವೆ ಆದ್ರು. ಶುಗರ್, ಬಿಪಿ ಎಲ್ಲ ಟೆಸ್ಟ್ ಆಗಿತ್ತು. ಎಚ್‌ಐವಿ ಟೆಸ್ಟ್ ಆಯ್ತಾ ಅಂತ ಕೇಳೋಕೆ ನನಗೆ ಬಾಯೇ ಬರಲಿಲ್ಲ. ಕಾಂಡೋಮ್ ಮಾತಂತೂ ದೂರ.

ಈ ಮುಜುಗರಕ್ಕೂ ಒಂದು ಇತಿಹಾಸ ಇದೆ. 1968ರಲ್ಲಿ ಕೇಂದ್ರ ಸರ್ಕಾರ ನಿರೋಧ್ ಮಾರಾಟಕ್ಕೆ ತಂತು. ಮೂರಕ್ಕೆ 15 ಪೈಸೆ. ಚಹಾ, ಸೋಪು, ಸಿಗರೇಟು ಮಾರುವ ಕಂಪನಿಗಳ ಜಾಲದಲ್ಲೇ ಅದು ಅಂಗಡಿ ಅಂಗಡಿಗೂ ಹೋಯಿತು. ನಿರೋಧ ಅಂದ್ರೆ ತಡೆ. ತಡೆಯಬೇಕಾಗಿದ್ದು ಏನನ್ನ? ಮಕ್ಕಳಾಗೋದನ್ನ. ಕೆಂಪು ತ್ರಿಕೋನ, ಚಿಕ್ಕ ಸಂಸಾರ, ಅಷ್ಟೇ ಪಾಠ. ಹಾಗಾಗಿ ಆಪರೇಷನ್ ಆದರೆ, ಮುಟ್ಟು ನಿಂತರೆ ನಿರೋಧ್ ಕೆಲಸ ಮುಗೀತು ಅಂತ ಒಂದು ತಲೆಮಾರು ನಂಬಿತು.

1986ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ದೇಶದ ಮೊದಲ ಎಚ್‌ಐವಿ ಪ್ರಕರಣಗಳನ್ನು ಪತ್ತೆ ಮಾಡಿದರು. ಕಾಂಡೋಮ್‌ಗೆ ಎರಡನೇ ಕೆಲಸ ಬಂತು. ಆದರೆ ಪ್ರಚಾರವೆಲ್ಲ ಯುವಕರಿಗೆ, ಲಾರಿ ಡ್ರೈವರ್‌ಗಳಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೂಡ ಮಾತಾಡಿಸಿದ್ದು 49ರವರೆಗಿನ ಹೆಂಗಸರನ್ನ, 54ರವರೆಗಿನ ಗಂಡಸರನ್ನ. ಆಮೇಲಿನವರನ್ನ ಕೇಳೋದೇ ಇಲ್ಲ!

ದೇಹದ ಲೆಕ್ಕ ಬೇರೆ. ಮುಟ್ಟು ನಿಂತ ಮೇಲೆ ಯೋನಿಯ ಒಳಪದರ ತೆಳುವಾಗುತ್ತೆ, ಒಣಗುತ್ತೆ. ಸಣ್ಣ ಗಾಯವಾದರೂ ಸೋಂಕಿಗೆ ದಾರಿ. ಕಾಂಡೋಮ್ ಜೊತೆ ನೀರಿನಂಶದ ಲೂಬ್ರಿಕೆಂಟ್ ಇದ್ರೆ ಒಳ್ಳೇದು.

ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಟೆಸ್ಟ್ ಉಚಿತ, ಗುಟ್ಟಾಗಿಯೂ ಇಡ್ತಾರೆ. ನೆನ್ನೆ ಆ ಬಂಧುಗೆ ಹತ್ತಿರದ ಕೇಂದ್ರದ ವಿಳಾಸ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.