ದೀರ್ಘ ಕಾಯಿಲೆ, ಮನಸ್ಸಿನ ಆರೈಕೆ: ಬಳ್ಳಾರಿಯ ಪಾಠ

ಚಳ್ಳಕೆರೆ, ಮೊಳಕಾಲ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸಕ್ಕರೆ ಕಾಯಿಲೆ, ಕ್ಷಯ, ಬಿಡದ ನೋವುಗಳಿಗೆ ಮಾತ್ರೆ ಪಡೆಯಲು ಬರುವವರನ್ನು ನೀವು ಕಂಡಿರಬಹುದು. ಅವರ ಮನಸ್ಸು ಹೇಗಿದೆಯೆಂದು ಯಾರು ವಿಚಾರಿಸಬೇಕು? 2022ರಲ್ಲಿ ದೇಶದ ಆತ್ಮಹತ್ಯೆಗಳಲ್ಲಿ ಸುಮಾರು ಶೇಕಡ 18ಕ್ಕೆ ದೈಹಿಕ ಅಥವಾ ಮಾನಸಿಕ ಕಾಯಿಲೆ ಕಾರಣವೆಂದು ದಾಖಲಾಗಿದೆ.

ಈ ಪ್ರಶ್ನೆಗೆ ಒಂದು ಉತ್ತರ ರೂಪುಗೊಂಡದ್ದು ನೆರೆಯ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಅಲ್ಲಿನ ಪ್ರಾಥಮಿಕ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆಗಳನ್ನು ಗುರುತಿಸುವ ತರಬೇತಿ ನೀಡಿತು. ಈ ಮಾದರಿಯ ಮೇಲೆಯೇ 1996ರಲ್ಲಿ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು.

ದೀರ್ಘ ಕಾಯಿಲೆಯೊಡನೆ ಬರುವ ಖಿನ್ನತೆಗೆ ಚಿಕಿತ್ಸೆಯಿದೆ. ‘ಬದುಕು ಬೇಡವೆನಿಸುತ್ತಿದೆಯೆ?’ ಎಂದು ಕೇಳಿದರೆ ಅಪಾಯ ಹೆಚ್ಚುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ನೀವೂ ಕೇಳಿ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.