ಗೂಡು, ಪೆಟ್ಟಿಗೆ, ಕಪಾಟು: ಕನ್ನಡ ಮನೆಯ ಸಂಗ್ರಹೋಪಕರಣಗಳು

ಶಾಸನ, ಕಾವ್ಯ, ದೇವಾಲಯಗಳು ನಾಡಿನ ಚರಿತ್ರೆಗೆ ಆಧಾರಗಳೆಂಬುದು ಸರ್ವವಿದಿತವಾದ ಸಂಗತಿ. ಆದರೆ ಜನರು ತಮ್ಮ ಬಟ್ಟೆಬರೆ, ಪಾತ್ರೆಪಡಗ, ಒಡವೆ, ಕಾಗದಪತ್ರಗಳನ್ನು ಎಲ್ಲಿ, ಹೇಗೆ ಇಟ್ಟುಕೊಳ್ಳುತ್ತಿದ್ದರು ಎಂಬ ವಿಚಾರವು ಚರಿತ್ರಕಾರರ ಗಮನವನ್ನು ಸೆಳೆದುದು ವಿರಳ. ಮನೆಯ ಹಳೆಯ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ತೇದಿಯಿರುವುದಿಲ್ಲ. ಅದನ್ನು ಮಾಡಿದ ಬಡಗಿಯ ಹೆಸರಿರುವುದಿಲ್ಲ. ಆದರೂ ಅದಕ್ಕೊಂದು ಸಾಕ್ಷ್ಯವುಂಟು. ಅದೇ ಅದರ ಹೆಸರು. ಗೂಡು, ನಾಗೊಂದಿಗೆ, ಪೆಟ್ಟಿಗೆ, ಸಂದೂಕ, ಅಲಮಾರು, ಕಪಾಟು, ಬೀರು ಎಂಬ ಶಬ್ದಗಳನ್ನು ಒಂದೆಡೆ ಇಟ್ಟು ಪರಿಶೀಲಿಸಿದರೆ ಗೃಹಸಂಗ್ರಹದ ಮೂರು ಬಗೆಗಳು ತೋರಿಬರುತ್ತವೆ: ಗೋಡೆಯಲ್ಲಿ ಹುದುಗಿದುದು, ನೆಲದ ಮೇಲೆ ಕುಳಿತುದು, ಕಾಲೂರಿ ನಿಂತುದು.

ಮೊದಲನೆಯ ಬಗೆಯು ಮನೆಯ ಅಂಗವೇ ಹೊರತು ಮನೆಯೊಳಗಿನ ಸಾಮಾನಲ್ಲ. ಬಯಲುಸೀಮೆಯ ಹಳೆಯ ಮನೆಗಳ ಮಣ್ಣಿನ ಅಥವಾ ಕಲ್ಲಿನ ಗೋಡೆಗಳು ಬಹಳ ದಪ್ಪ. ಆ ದಪ್ಪವೇ ಗೂಡಿಗೆ ಅವಕಾಶವಿತ್ತಿತು. ದೀಪಕ್ಕೊಂದು, ದೇವರಿಗೊಂದು, ದಿನಬಳಕೆಯ ವಸ್ತುಗಳಿಗೊಂದು ಗೂಡು ಗೋಡೆಯೊಡನೆಯೇ ಹುಟ್ಟುತ್ತಿತ್ತು. ಗೋಡೆಯಲ್ಲಿ ನೆಟ್ಟ ಗೂಟಗಳ ಮೇಲೆ ಉದ್ದದ ಹಲಗೆಯನ್ನು ಹಾಸಿದರೆ ಅದು ನಾಗೊಂದಿಗೆ. ಕೆಲವೆಡೆ ಅದನ್ನು ನಾಗಂದಿಗೆಯೆನ್ನುವರು. ಬೆಳಗಿದ ಹಿತ್ತಾಳೆ, ತಾಮ್ರದ ಪಾತ್ರೆಗಳು ಅದರ ಮೇಲೆ ಗಾತ್ರಕ್ಕನುಗುಣವಾಗಿ ಸಾಲುಗೊಳ್ಳುತ್ತಿದ್ದವು. ಕೈಗೆಟಕುವಂತೆ ಇಡುವುದೂ ಕಣ್ಣಿಗೆ ಕಾಣುವಂತೆ ಇಡುವುದೂ ಅಲ್ಲಿ ಒಂದೇ ಕಾರ್ಯವಾಗಿತ್ತು. ಬಟ್ಟೆಗೆ ಗಿಳಿಗೂಟ, ಹಾಲುಮೊಸರಿಗೆ ನೆಲುವು, ಎಂದೋ ಬೇಕಾಗುವ ಸಾಮಾನಿಗೆ ಅಟ್ಟ. ಮರಾಠಿಯ ಫಡತಾಳವೂ ಇದೇ ಕುಲಕ್ಕೆ ಸೇರಿದ ಗೋಡೆಯ ಕಪಾಟು. ಇವು ಯಾವುವನ್ನೂ ಹೊತ್ತು ಸಾಗಿಸಲು ಬಾರದು. ಮನೆ ಬಿದ್ದರೆ ಇವೂ ಬೀಳುತ್ತವೆ.

ಎರಡನೆಯ ಬಗೆಗೆ ಮುಖ್ಯ ನಿದರ್ಶನ ಪೆಟ್ಟಿಗೆ. ಈ ಶಬ್ದದ ಬಂಧುಗಳು ತಮಿಳು, ತೆಲುಗು ಭಾಷೆಗಳಲ್ಲಿಯೂ ಇವೆ. ಸಂಸ್ಕೃತದ ಪೇಟಿಕಾ ಶಬ್ದವೂ ಇದಕ್ಕೆ ಹತ್ತಿರದ್ದು. ಸಂದೂಕವು ಅರಬ್ಬೀ ಮೂಲದ್ದು. ತೇಗ, ಬೀಟೆ, ಹಲಸು ಪೆಟ್ಟಿಗೆಗೆ ಒದಗಿದ ಮರಗಳು. ತೇಗದಲ್ಲಿರುವ ಎಣ್ಣೆಯ ಅಂಶವು ಗೆದ್ದಲನ್ನು ದೂರವಿಡುತ್ತದೆ. ಹಲಸು ಕರಾವಳಿಯ ಹಿತ್ತಿಲಲ್ಲಿಯೇ ದೊರೆಯುತ್ತದೆ. ಹಲಗೆಗಳ ಅಂಚುಗಳಲ್ಲಿ ಹಲ್ಲು ಕೊರೆದು ಒಂದರ ಸಂದಿನಲ್ಲಿ ಇನ್ನೊಂದನ್ನು ಕೂಡಿಸಿ, ಮೂಲೆಗಳಿಗೆ ಹಿತ್ತಾಳೆ ಅಥವಾ ಕಬ್ಬಿಣದ ಪಟ್ಟಿ ಬಡಿಯುತ್ತಿದ್ದರು. ಆ ಪಟ್ಟಿಗಳು ಇಂದು ಅಲಂಕಾರವಾಗಿ ತೋರಿದರೂ, ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವ ಮರದ ಬೆಸುಗೆ ಸಡಿಲದಂತೆ ಹಿಡಿಯುವುದೇ ಅವುಗಳ ನಿಜವಾದ ಕೆಲಸ. ನೆಲದ ತೇವ ತಾಗದಿರಲೆಂದು ಪೆಟ್ಟಿಗೆಗೆ ಗಿಡ್ಡ ಕಾಲುಗಳನ್ನು ಜೋಡಿಸುವ ರೂಢಿಯೂ ಇತ್ತು. ಇದರ ದೊಡ್ಡಣ್ಣನಂತಿರುವ ಕರಾವಳಿಯ ಪತ್ತಾಯವು ಧಾನ್ಯ ತುಂಬುವ ಮರದ ಕಣಜ. ಪೆಟ್ಟಿಗೆಗೆ ಒಂದು ದೋಷವುಂಟು: ಕೊನೆಗೆ ಇಟ್ಟುದು ಮೊದಲು ಸಿಗುತ್ತದೆ, ತಳದಲ್ಲಿರುವುದನ್ನು ತೆಗೆಯಬೇಕಾದರೆ ಎಲ್ಲವನ್ನೂ ಹೊರಹಾಕಬೇಕು. ಆದುದರಿಂದ ನಿತ್ಯೋಪಯೋಗಿ ವಸ್ತುಗಳು ಗೋಡೆಯನ್ನು ಆಶ್ರಯಿಸಿದವು, ಅಪರೂಪದವು ಪೆಟ್ಟಿಗೆಯನ್ನು ಸೇರಿದವು.

ಮೂರನೆಯ ಬಗೆಯು ಬಹುಮಟ್ಟಿಗೆ ಕಡಲ ದಾರಿಯಿಂದ ಬಂದುದು. ಕ್ರಿ.ಶ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರ ಆರ್ಮಾರಿಯೊ ಎಂಬ ಶಬ್ದವೇ ಅಲಮಾರು ಆಯಿತು. ಅದರ ಮೂಲವಾದ ಲ್ಯಾಟಿನ್ ಆರ್ಮಾರಿಯಂ ಎಂಬುದು ಆಯುಧ, ಸಲಕರಣೆ ಎಂಬರ್ಥದ ಪದದಿಂದ ಹುಟ್ಟಿ, ಗ್ರಂಥಗಳನ್ನಿಡುವ ಕಪಾಟಿಗೂ ಸಂದಿತ್ತು. ಪೋರ್ತುಗೀಜರ ಅಪೇಕ್ಷೆಯಂತೆ ಗೋವೆ, ಗುಜರಾತುಗಳ ಭಾರತೀಯ ಕುಶಲಕರ್ಮಿಗಳು ಕೊಂತಾದೋರ್ ಎಂಬ ಅನೇಕ ಸೆಳೆಖಾನೆಗಳ ಪೆಟ್ಟಿಗೆಗಳನ್ನು ನಿರ್ಮಿಸಿದರು. ತೇಗದಲ್ಲಿ ಕರಿಮರವನ್ನು ಕೂರಿಸಿ ಮಾಡಿದ ಗೋವೆಯ ಮಾದರಿಗಳಲ್ಲಿ ಕೆಲವಕ್ಕೆ ನಾಗಿನಿಯ ಆಕಾರದ ಕಾಲುಗಳಿರುವುದು ಗಮನಾರ್ಹ. ಬೇಡಿಕೆ ಪರಕೀಯವಾದರೂ ಅದನ್ನು ಹೊತ್ತು ನಿಂತುದು ಈ ನೆಲದ ಕಲ್ಪನೆಯೇ ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆ ಬೇಕಿಲ್ಲ.

ಕಪಾಟು ಮಾತ್ರ ದೇಶೀಯ ಶಬ್ದ. ಸಂಸ್ಕೃತದ ಕಪಾಟವೆಂದರೆ ಬಾಗಿಲ ಕದ. ನಿಂತ ಪೆಟ್ಟಿಗೆಯಲ್ಲಿ ಜನರಿಗೆ ಹೊಸದಾಗಿ ಕಂಡುದು ಮರವಲ್ಲ, ಬಾಗಿಲು. ಮುಚ್ಚಳವನ್ನೆತ್ತುವ ಬದಲು ಕದ ತೆರೆದರೆ ಎಲ್ಲ ವಸ್ತುಗಳೂ ಒಮ್ಮೆಗೇ ಗೋಚರವಾಗುವ ಅನುಕೂಲ. ಅಂಗದ ಹೆಸರೇ ಇಡೀ ವಸ್ತುವಿಗೆ ನಿಂತಿತು. ಬೀರು ಎಂಬುದು ಫ್ರೆಂಚಿನ ಬ್ಯೂರೋ. ಒರಟು ಬಟ್ಟೆ, ಆ ಬಟ್ಟೆಯನ್ನು ಹಾಸಿದ ಬರೆಯುವ ಮೇಜು, ಕಚೇರಿ ಎಂದು ಅರ್ಥ ಬದಲಿಸುತ್ತ ಬಂದು, ಕನ್ನಡ, ತಮಿಳು, ತೆಲುಗು ಮನೆಗಳಲ್ಲಿ ಬಟ್ಟೆಯ ಕಪಾಟಾಯಿತು.

ಪ್ರದರ್ಶನದ ವಿಚಾರದಲ್ಲಿಯೂ ಇಂತಹದೇ ಪರಿವರ್ತನೆ ಕಾಣುತ್ತದೆ. ಮೈಸೂರು ಸೀಮೆಯ ನವರಾತ್ರಿಯ ಗೊಂಬೆಗಳು ವರ್ಷವೆಲ್ಲ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿರತಕ್ಕವು. ಹಬ್ಬ ಬಂದಾಗ ಪೆಟ್ಟಿಗೆ, ಹಲಗೆ, ಡಬ್ಬಗಳನ್ನೇ ಬೆಸಸಂಖ್ಯೆಯ ಮೆಟ್ಟಿಲುಗಳಾಗಿ ಜೋಡಿಸಿ, ಮೇಲೆ ಬಿಳಿಯ ಬಟ್ಟೆ ಹಾಸಿ, ಪಟ್ಟದ ಗೊಂಬೆಗಳನ್ನು ಮೇಲಿನ ಸಾಲಿನಲ್ಲಿ ಕೂರಿಸುವರು. ವಸ್ತುವನ್ನು ಮುಚ್ಚಿಟ್ಟಿದ್ದ ಪೆಟ್ಟಿಗೆಯೇ ಅದನ್ನು ಮೆರೆಯಿಸುವ ಪೀಠವಾಗುತ್ತದೆ. ಹಬ್ಬ ಮುಗಿದೊಡನೆ ಮೆರವಣಿಗೆಯೂ ಮುಗಿಯುತ್ತದೆ. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ಸುಂಕವು 1845ರಲ್ಲಿ ರದ್ದಾಯಿತು. ಗಾಜಿನ ತಯಾರಿಕೆ ಬೆಳೆದು ಅದು ಸುಲಭವಾದಂತೆ, ಗಾಜಿನ ಬಾಗಿಲ ಕಪಾಟು ಶ್ರೀಮಂತರ ಮನೆಯಿಂದ ಮಧ್ಯಮವರ್ಗದ ಮನೆಗೆ ಇಳಿಯಿತು. ಭಾರತದ ಪಟ್ಟಣಗಳಲ್ಲಿ ಅದೇ ಷೋಕೇಸು ಎನಿಸಿ, ಋತುವಿಗೊಮ್ಮೆ ಇದ್ದ ಪ್ರದರ್ಶನವನ್ನು ನಿತ್ಯದ್ದಾಗಿ ಮಾಡಿತು.

ಈ ಚರಿತ್ರೆಯು ಹೊರನಾಡ ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದೆ. ಮುಂಬಯಿ, ಪುಣೆಗಳಿಗೆ ಹೊಟ್ಟೆಪಾಡಿಗಾಗಿ ಬಂದವರು ಗೂಡನ್ನು ತರಲಾರರು, ನಾಗೊಂದಿಗೆಯನ್ನು ತರಲಾರರು. ತಂದುದು ಪೆಟ್ಟಿಗೆಯನ್ನು, ಅನಂತರ ತಗಡಿನ ಟ್ರಂಕನ್ನು. ಚಾಳಿನ ಒಂದು ಕೋಣೆಯಲ್ಲಿ ಮಂಚದ ಕೆಳಗೆ ಸೇರಿದ ಆ ಟ್ರಂಕೇ ಕಣಜವೂ ಆಯಿತು, ಬೊಕ್ಕಸವೂ ಆಯಿತು. ಅರ್ದೇಶಿರ್ ಗೋದ್ರೆಜ್ ಅವರು 1897ರಲ್ಲಿ ಮುಂಬಯಿಯಲ್ಲಿ ಬೀಗಗಳ ತಯಾರಿಕೆಯನ್ನು ಪ್ರಾರಂಭಿಸಿದ ಸಂಸ್ಥೆಯು 1923ರಲ್ಲಿ ಉಕ್ಕಿನ ಕಪಾಟುಗಳನ್ನು ಮಾಡತೊಡಗಿತು. ಗೆದ್ದಲಿಗೂ ಕಳ್ಳನಿಗೂ ಸುಲಭವಾಗಿ ಬಗ್ಗದ ಈ ಕಪಾಟು ಕಾಲಕ್ರಮದಲ್ಲಿ ನಗರದ ಸಂಸಾರದ ಭದ್ರತೆಯ ಚಿಹ್ನೆಯಾಯಿತು. ಕಾಂಕ್ರೀಟು ಕಂಬಗಳ ನಡುವಿನ ತೆಳುಗೋಡೆಯಲ್ಲಿ ಗೂಡು ಕೊರೆಯಲು ಆಸ್ಪದವೇ ಇಲ್ಲವಾದುದರಿಂದ ಸಂಗ್ರಹವೆಲ್ಲವೂ ಗೋಡೆಯಿಂದ ಹೊರಬಂದು ನಿಲ್ಲಬೇಕಾಯಿತು. ವಸ್ತುವಿನೊಡನೆ ಶಬ್ದವೂ ಹಿಂದುಳಿಯಿತು. ಕಪಾಟೆಂದರೆ ತಿಳಿಯುವ ನಗರದ ಮಗುವಿಗೆ ನಾಗೊಂದಿಗೆಯು ತಿಳಿಯದಿರುವುದು ಮಗುವಿನ ತಪ್ಪಲ್ಲ.

ಇಂದು ಹಳೆಯ ಪೆಟ್ಟಿಗೆ, ಕೆತ್ತನೆಯ ಹಲಗೆಗಳಿಗೆ ನಗರದ ಅಂಗಡಿಗಳಲ್ಲಿ ಬೆಲೆ ಬಂದಿದೆ. ಪೆಟ್ಟಿಗೆಯ ಮೇಲೆ ಗಾಜು ಹಾಸಿ ಚಹದ ಮೇಜಾಗಿಸುವುದೂ ಬಾಗಿಲನ್ನು ಗೋಡೆಗೆ ತೂಗುಹಾಕುವುದೂ ವಾಡಿಕೆಯಾಗಿದೆ. ಮರ ಉಳಿಯುತ್ತದೆಂಬುದು ಸಮಾಧಾನದ ಮಾತು. ಆದರೆ ಯಾವ ಊರು, ಯಾವ ಮನೆ, ಏನನ್ನು ಇಡುತ್ತಿದ್ದರು, ಏನೆಂದು ಕರೆಯುತ್ತಿದ್ದರು ಎಂಬುದು ಮಾರಾಟದೊಡನೆ ಅಳಿದುಹೋಗುತ್ತದೆ. 1972ರ ಪ್ರಾಚೀನ ವಸ್ತು ಮತ್ತು ಕಲಾನಿಧಿಗಳ ಕಾಯಿದೆಯು ನೂರು ವರ್ಷಕ್ಕೆ ಕಡಮೆಯಿಲ್ಲದ, ಕಟ್ಟಡದಿಂದ ಬೇರ್ಪಡಿಸಿದ ವಸ್ತುವನ್ನೂ ಪ್ರಾಚೀನ ವಸ್ತುವೆಂದೇ ಪರಿಗಣಿಸಿ, ಖಾಸಗಿಯವರು ಅದನ್ನು ಪರದೇಶಕ್ಕೆ ಕಳುಹಿಸುವುದನ್ನು ನಿಷೇಧಿಸಿದೆ. ಕಾಯಿದೆಯು ವಸ್ತುವನ್ನು ತಡೆದೀತು, ಹೆಸರನ್ನು ಉಳಿಸಲಾರದು.

ಆ ಕಾರ್ಯವನ್ನು ಅರಿತು ಮಾಡಿದವರೂ ಇದ್ದಾರೆ. ಪುಣೆಯಲ್ಲಿ ದಿನಕರ ಕೇಳಕರರು ದೀಪ, ಅಡಕತ್ತರಿ, ಪೆಟ್ಟಿಗೆ, ಬಾಗಿಲುಗಳಂತಹ ಗೃಹವಸ್ತುಗಳನ್ನು ಜೀವಮಾನವಿಡೀ ಸಂಗ್ರಹಿಸಿ, ಆ ಸಂಗ್ರಹವನ್ನು 1975ರಲ್ಲಿ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವಸ್ತುವಿನೊಡನೆ ಮನೆಯನ್ನೇ ಬಿಚ್ಚಿ ತಂದು ಮರಳಿ ಕಟ್ಟಿಸಿದರು. ಚೆನ್ನೈಯ ಬಳಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರನ ಮನೆಯನ್ನು ಕಾಣಬಹುದು. ವಸ್ತುವಿನ ಅರ್ಥವು ಅದರ ಸ್ಥಾನದಲ್ಲಿದೆಯೆಂಬ ತತ್ತ್ವವನ್ನು ಈ ಮನೆಗಳು ಪ್ರತ್ಯಕ್ಷ ತೋರಿಸುತ್ತವೆ.

ಪ್ರತಿಯೊಂದು ಕುಟುಂಬವೂ ಮನೆಯನ್ನು ಬಿಚ್ಚಿ ತರಲಾರದು. ಆದರೆ ಹೊರನಾಡಿನ ಮನೆಯೊಂದರಲ್ಲಿ ಅಜ್ಜಿಯ ಪೆಟ್ಟಿಗೆ ಉಳಿದಿದ್ದರೆ, ಅದರ ಊರು, ಮರ, ಅಳತೆ, ಉಪಯೋಗ, ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಅದರೊಳಗೇ ಇಡುವುದು ಕಷ್ಟದ ಕೆಲಸವಲ್ಲ. ಹಿರಿಯರು ಬದುಕಿರುವಾಗಲೇ ಅದು ಆಗಬೇಕು. ಇಂತಹ ನೂರು ಹಾಳೆಗಳು ಕೂಡಿದರೆ, ಕನ್ನಡ ಗೃಹಜೀವನದ ಚರಿತ್ರೆಗೆ ಬೇರೆಲ್ಲಿಯೂ ದೊರೆಯದ ಆಕರವು ಸಿದ್ಧವಾದಂತಾಗುತ್ತದೆ.