ರೇಡಿಯೋ ಸರಿಯಾಗೇ ಇದೆ, ಸ್ಟೇಷನ್ನೇ ಇಲ್ಲ

ಬೆಳಗ್ಗೆ ಕಾಫಿ ಜೊತೆ ವೈಫೈನಲ್ಲಿ ಯಾವುದೋ ದೇಶದ ರೇಡಿಯೋ ಹಾಕೋದು ನನಗೆ ಅಭ್ಯಾಸ. ಪಕ್ಕದಲ್ಲೇ ತಾತನ ಟ್ರಾನ್ಸಿಸ್ಟರ್ ಇದೆ. ಸೆಲ್ ಹಾಕಿದ್ರೆ ಇವತ್ತಿಗೂ ಮಾತಾಡುತ್ತೆ. ಇವತ್ತಿನ ಕಥೆ ಇವೆರಡರದ್ದು.

ಮೈಸೂರಿಂದ ಶುರು ಮಾಡೋಣ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದರು. ಆ ಕೇಂದ್ರದ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯ್ತು. ಅಲೆ ಒಮ್ಮೆ ಗಾಳಿಗೆ ಬಿಟ್ಟರೆ ಹತ್ತು ಜನ ಕೇಳಿದ್ರೂ, ಹತ್ತು ಸಾವಿರ ಜನ ಕೇಳಿದ್ರೂ ಖರ್ಚು ಅಷ್ಟೇ. ಬಿ.ಕಾಂ.ನಲ್ಲಿ ಉರು ಹೊಡೆದ ಮಾರ್ಜಿನಲ್ ಕಾಸ್ಟ್ ಇದೆಯಲ್ಲ, ಅದು ಇಲ್ಲಿ ಸೊನ್ನೆ.

1994ರ ನವೆಂಬರ್ 7ರಂದು ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ವಿದ್ಯಾರ್ಥಿಗಳು ನಡೆಸೋ ಡಬ್ಲ್ಯೂಎಕ್ಸ್‌ವೈಸಿ ಕೇಂದ್ರ ತನ್ನ ಪ್ರಸಾರವನ್ನ ಇಂಟರ್ನೆಟ್‌ಗೂ ಬಿಡ್ತು. ಅಂಥ ಮೊದಲ ಕೇಂದ್ರಗಳಲ್ಲಿ ಅದೂ ಒಂದು. ಲೆಕ್ಕ ತಲೆಕೆಳಗಾಗಿದ್ದು ಇಲ್ಲೇ. ಇಂಟರ್ನೆಟ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಕೇಳುಗನಿಗೂ ಸರ್ವರ್ ಬೇರೆ ಬೇರೆಯಾಗಿ ಕಳಿಸಬೇಕು. 128 ಕೆಬಿಪಿಎಸ್ ಅಂದ್ರೆ ಗಂಟೆಗೆ ಸುಮಾರು 58 ಎಂಬಿ. ನಿಮ್ಮ ಡೇಟಾದಲ್ಲಿ ಅಷ್ಟು, ಸ್ಟೇಷನ್ನಿನ ಬಿಲ್ಲಿನಲ್ಲೂ ಅಷ್ಟು.

ಆಗೆಲ್ಲ ಕೇಳೋಕೆ ಕಂಪ್ಯೂಟರ್ ಮುಂದೆ ಕೂರಬೇಕಿತ್ತು. 3ಕಾಮ್ ಕಂಪನಿ ಕೆರ್ಬ್ಯಾಂಗೋ ಅನ್ನೋ ಇಂಟರ್ನೆಟ್ ರೇಡಿಯೋ ತರೋಕೆ ಹೊರಟು, 2001ರಲ್ಲಿ ಅಂಗಡಿಗೆ ಬರೋ ಮೊದಲೇ ಕೈಬಿಡ್ತು. ಆಮೇಲೆ ವೈಫೈ ರೇಡಿಯೋಗಳು ಬಂದವು. ಅಡುಗೆಮನೇಲಿ ಇಟ್ಟರೂ ಹಾಡುತ್ತೆ, ತಿರುಗಿಸೋಕೆ ಗುಂಡಿನೂ ಇದೆ. ಆದ್ರೆ ಒಳಗಿರೋದು ಪುಟ್ಟ ಕಂಪ್ಯೂಟರ್. ಬಹಳಷ್ಟು ಸೆಟ್‌ಗಳಲ್ಲಿ ಸ್ಟೇಷನ್‌ಗಳ ವಿಳಾಸ ಇರಲ್ಲ. ಆನ್ ಮಾಡಿದಾಗ ಯಾವುದೋ ಕಂಪನಿಯ ಸರ್ವರ್‌ಗೆ "ಪಟ್ಟಿ ಕೊಡಪ್ಪಾ" ಅಂತ ಕೇಳುತ್ತೆ.

ಹೀಗೆ ಹಲವು ಬ್ರ್ಯಾಂಡ್‌ಗಳ ರೇಡಿಯೋಗೆ ಪಟ್ಟಿ ಕೊಡ್ತಿದ್ದ ಬ್ರಿಟನ್ನಿನ ರೆಸಿವಾ ಸೇವೆ 2021ರಲ್ಲಿ ಮುಚ್ಚಿತು. ಸೆಟ್ ಕೆಟ್ಟಿರಲಿಲ್ಲ, ಸ್ಟೇಷನ್‌ಗಳೂ ಪ್ರಸಾರ ಮಾಡ್ತಾನೇ ಇದ್ದವು. ದಾರಿ ಹೇಳೋರು ಮಾತ್ರ ಹೋದ್ರು.

ಮೀಡಿಯಂ ವೇವ್ ಕೇಂದ್ರ ಮುಚ್ಚಿದ್ರೆ ತಾತನ ಸೆಟ್ಟಿಗೂ ಆ ಸ್ಟೇಷನ್ ಸಿಗಲ್ಲ, ನಿಜ. ಆದ್ರೆ ಮುಳ್ಳು ತಿರುಗಿಸಿದ್ರೆ ಇನ್ನೊಂದು ಸಿಗಬಹುದು. ಅವರ ಕಾಲದಲ್ಲಿ ರೇಡಿಯೋಗೆ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ತಗೋಬೇಕಿತ್ತು, ಅದು ಬೇರೆ ಗೋಳು.

ಈಗ ಆಕಾಶವಾಣಿಯೂ ಆ್ಯಪ್‌ನಲ್ಲಿದೆ, ನಾನೂ ಅಲ್ಲೇ ಕೇಳೋದು. ಆದ್ರೂ ನನ್ನ ಇಷ್ಟದ ಐದು ಸ್ಟೇಷನ್‌ಗಳ ಸ್ಟ್ರೀಮ್ ವಿಳಾಸಗಳನ್ನ ತಾತನ ಹಳೇ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೀನಿ. ಪೆನ್ನಲ್ಲಿ.